ತೊಳೆದವನದೇ ತೊಟ್ಟಿ ಕಾರು

ವೈಲರ್ಸ್‌ಟಾಲ್ ಊರಿನಲ್ಲಿ ಕೊಡೆ ರಿಪೇರಿ ಮಾಡಿಕೊಂಡಿದ್ದ ಆಲ್ಬಿನ್ ಕ್ಲೆಂಕ್ ಐವತ್ತೆಂಟು ವರ್ಷ ತುಂಬುವವರೆಗೂ ಚಕ್ರವಿರುವ ಯಾವ ವಸ್ತುವಿಗೂ ಮಾಲೀಕನಾಗಿರಲಿಲ್ಲ. ಒಮ್ಮೆ ಪಕ್ಕದ ಮನೆಯ ತಳ್ಳುಗಾಡಿಯನ್ನು ಎರವಲು ತಂದು ಚರ್ಚಿನ ಗೋಡೆಗೆ ಗುದ್ದಿ, ಗೋಡೆಗಾದ ನಷ್ಟಕ್ಕೆ ಪಾದ್ರಿಗಳ ಕೊಡೆಯನ್ನು ಪುಕ್ಕಟೆ ಸರಿಮಾಡಿಕೊಟ್ಟಿದ್ದ. ಅಂಥವನು ಒಂದು ಮಿಲಿಟರಿ ಕಾರಿನ ಒಡೆಯನಾದದ್ದು ಹೇಗೆ ಎಂದು ಕೇಳಿದರೆ, ಪೊರಕೆಯಿಂದ ಎಂದೇ ಹೇಳಬೇಕಾಗುತ್ತದೆ.

ನಮ್ಮ ಸ್ವಾಬಿಯಾ ಸೀಮೆಯಲ್ಲಿ ರಾಜರು ಹೋದರು, ಸರ್ಕಾರಗಳು ಹೋದವು, ಪೊರಕೆ ಪಾಳಿ ಮಾತ್ರ ಹೋಗಲಿಲ್ಲ. ಒಂದು ಕಟ್ಟಡದಲ್ಲಿ ನಾಲ್ಕು ಬಿಡಾರಗಳಿದ್ದರೆ ವಾರಕ್ಕೊಬ್ಬರಂತೆ ಮೆಟ್ಟಿಲು, ಮನೆ ಮುಂದಿನ ಕಾಲುದಾರಿ ಮತ್ತು ರಸ್ತೆಯ ಅರ್ಧ ಭಾಗ ಗುಡಿಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಮರದ ಹಲಗೆ ತೂಗುತ್ತಿರುತ್ತದೆ. ಆ ಹಲಗೆ ತೂಗುವಷ್ಟು ದಿನ ಆ ಜಾಗದಲ್ಲಿ ಬಿದ್ದ ಎಲೆ, ಲದ್ದಿ, ಸಿಗರೇಟಿನ ತುಂಡು ಎಲ್ಲದಕ್ಕೂ ಅವರೇ ಜವಾಬ್ದಾರರು. ಕ್ಲೆಂಕರ ಬಿಡಾರದ ಪಾಳಿಯನ್ನು ಇಪ್ಪತ್ತೊಂಬತ್ತು ವರ್ಷ ಹೆಂಡತಿ ರೊಸೀನೆ ನಿಭಾಯಿಸಿದ್ದಳು. ಆದರೆ ಯುದ್ಧದ ಕೊನೆಯ ಚಳಿಗಾಲದಲ್ಲಿ, ಬಾಂಬುಗಳು ಪಕ್ಕದ ಊರಿನವರೆಗೆ ಬಂದಾಗ, ಅವಳು ಕಾಯಿಲೆ ಬಿದ್ದ ಅಕ್ಕನನ್ನು ನೋಡಿಕೊಳ್ಳಲು ಬೋಡನ್ ಸರೋವರದ ದಡದ ಹಳ್ಳಿಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಳು. ರೈಲು ನಿಂತಿತು, ಅಂಚೆ ನಿಂತಿತು. ಹಲಗೆ ಮಾತ್ರ ಸರದಿ ತಪ್ಪದೆ ಬಂದು ಆಲ್ಬಿನ್‌ನ ಬಾಗಿಲಿಗೆ ತೂಗಿತು.

ಏಪ್ರಿಲ್ ತಿಂಗಳ ಒಂದು ಗುರುವಾರ, ಮೂವರು ಸೈನಿಕರಿದ್ದ ಕಾರೊಂದು ಕೆಲ್ಟರ್ ಬೀದಿಯಲ್ಲಿ ಆಲ್ಬಿನ್ ಇದ್ದ ಒಂಬತ್ತನೇ ನಂಬರಿನ ಮುಂದೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲು ಮುಗಿದಿತ್ತು. ಆ ವೇಳೆಗೆ ಯುದ್ಧವೂ ಹೆಚ್ಚುಕಡಿಮೆ ಮುಗಿದೇ ಇತ್ತು. ಮೂವರಲ್ಲಿ ಹಿರಿಯವನು, ಅಂದರೆ ಹತ್ತೊಂಬತ್ತು ವರ್ಷದವನು, ಇಳಿದು ಬಂದ.

"ಅಜ್ಜಾ, ಹಳೇ ಪ್ಯಾಂಟಿದ್ರೆ ಮೂರು ಕೊಡ್ತೀರಾ?"

ಆಲ್ಬಿನ್ ಹತ್ತಿರ ಇದ್ದದ್ದೇ ನಾಲ್ಕು. ಭಾನುವಾರದ ಚರ್ಚಿನ ಪ್ಯಾಂಟನ್ನೂ ಸೇರಿಸಿ ಮೂರನ್ನು ಕೊಟ್ಟ. ಹುಡುಗರು ಅವನ್ನು ತೊಟ್ಟು, ಸಮವಸ್ತ್ರವನ್ನು ಬಾವಿಗೆ ಎಸೆದು ಹಣ್ಣಿನ ತೋಟದ ಕಡೆ ಓಡಿದರು.

"ಲೋ, ನಿಮ್ಮ ಕಾರು!" ಎಂದು ಆಲ್ಬಿನ್ ಕೂಗಿದ.

"ಇಟ್ಕೊಳ್ಳಿ ಅಜ್ಜಾ!"

ಮರುದಿನ ಅಮೆರಿಕದ ಟ್ಯಾಂಕುಗಳು ಬಂದವು, ಊರು ನೋಡಿದವು, ಮುಂದೆ ಹೋದವು. ಆ ವಾರ ಎಷ್ಟೋ ಮನೆಗಳ ಗೋಡೆಯಿಂದ ಸೋತ ನಾಯಕನ ಒಂದೇ ಅಳತೆಯ ಒಂದೇ ಚಿತ್ರಪಟ ಇಳಿದು ಒಲೆ ಸೇರಿತು. ಅದು ತಮ್ಮ ಮನೆಯಲ್ಲಿ ಎಂದೂ ಇರಲೇ ಇಲ್ಲ ಎಂದು ಎಲ್ಲರೂ ಹೇಳಿದರು. ಕಾರಿನ ವಿಷಯದಲ್ಲಿ ಹಾಗೆ ಹೇಳುವಂತಿರಲಿಲ್ಲ. ಅದು ಬಟ್ಟೆ ತೊಳೆಯುವ ತೊಟ್ಟಿಗೆ ನಾಲ್ಕು ಚಕ್ರ ಕಟ್ಟಿದ ಹಾಗೆ, ಪಟ್ಟಿಪಟ್ಟಿಯ ತಗಡಿನ ಮೈ, ಮೂತಿಯ ಮೇಲೊಂದು ಹೆಚ್ಚುವರಿ ಚಕ್ರ, ನೆತ್ತಿಯ ಮೇಲೆ ಹರಿದ ಕ್ಯಾನ್ವಾಸು ಹೊತ್ತು ರಸ್ತೆಯ ಆ ಮನೆಯವರ ಅರ್ಧದಲ್ಲಿ ನಿಂತಿತ್ತು. ಬೀದಿಯವರು ಅದನ್ನು 'ತೊಟ್ಟಿ' ಎಂದೇ ಕರೆದರು.

ಶನಿವಾರ ಬಂತು. ಪಾಳಿ ಆಲ್ಬಿನ್‌ನದು. ಮೊದಲ ಮಹಡಿಯ ಫ್ರೌ ಮುಂಡಿಂಗರ್ ಕಿಟಕಿಯ ಕಟ್ಟೆಗೆ ದಿಂಬಿಟ್ಟು, ದಿಂಬಿನ ಮೇಲೆ ಮೊಣಕೈ ಊರಿ ಕೂತರು. ಪೋಸ್ಟ್‌ಮಾಸ್ತರರ ವಿಧವೆಯಾದ ಅವರ ಕಣ್ಣಿಗೆ ಬೀಳದ ಧೂಳು ಕೆಲ್ಟರ್ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಹೆರ್ ಕ್ಲೆಂಕ್, ತೊಟ್ಟಿ ಕೆಳಗೆ?"

"ತೊಟ್ಟಿ ಕೆಳಗೆ ಏನು, ಫ್ರೌ ಮುಂಡಿಂಗರ್?"

"ಕಸ. ನಂಗೆ ಇಲ್ಲಿಂದ್ಲೇ ಕಾಣ್ತಾ ಇದೆ."

"ಅದು ಯುದ್ಧದ ಕಸ ಕಣ್ರೀ."

"ಯುದ್ಧ ನಿನ್ನೆ ಹೋಯ್ತು. ಪಾಳಿ ಇವತ್ತಿಂದು."

ಆಲ್ಬಿನ್ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ಕಾರಿನ ಅಡಿ ಗುಡಿಸಿದ. ಎದ್ದು ಮೈ ಕೊಡವಿಕೊಳ್ಳುವಷ್ಟರಲ್ಲಿ ಮತ್ತೆ ಮೇಲಿಂದ ದನಿ ಬಂತು.

"ಮೈಮೇಲೆ ಕೆಸರು ಮೆತ್ತಿದೆಯಲ್ಲ, ಅದು ಒಣಗಿ ಸೋಮವಾರ ಉದುರ್ತದೆ. ಸೋಮವಾರದಿಂದ ಪಾಳಿ ನಂದು. ನಿಮ್ಮ ಕೆಸರು ನನ್ನ ಪಾಳಿಗೆ ಬರೋದು ಬೇಡ."

ಮಾತು ನ್ಯಾಯವಾಗಿತ್ತು. ಆಲ್ಬಿನ್ ಮೂರು ಬಕೆಟ್ ನೀರು ತಂದು ಕಾರು ತೊಳೆದ. ತೊಳೆಯುವಾಗ ನೆತ್ತಿಯ ಕ್ಯಾನ್ವಾಸು ಒಂದು ಗೇಣು ಹರಿದದ್ದು ಕಂಡಿತು. ಹರಿದ ಬಟ್ಟೆಯ ಕೆಳಗೆ ಮಡಚುವ ಕಡ್ಡಿಗಳಿದ್ದರೆ ಆಲ್ಬಿನ್‌ಗೆ ಅದನ್ನು ಬಿಟ್ಟುಹೋಗಲು ಆಗುತ್ತಿರಲಿಲ್ಲ, ಕೊಡೆಯವನ ಕೈ. ಮೇಣದ ದಾರದಲ್ಲಿ ಎರಡೆಳೆ ಹೊಲಿಗೆ ಹಾಕಿ ಮುಗಿಸಿದ.

ಮುಂದಿನ ಶನಿವಾರ ಫ್ರೌ ಮುಂಡಿಂಗರ್ ಕಾಲುದಾರಿ ಗುಡಿಸಿದರು, ರಸ್ತೆ ಗುಡಿಸಿದರು, ಕಾರಿನ ಹತ್ತಿರ ಬಂದು ಪೊರಕೆ ಎತ್ತಿ ಹಿಡಿದು ಸುತ್ತುಬಳಸಿ ಹೋದರು.

"ಕಾರಿನ ಮೇಲೆ ಧೂಳಿದೆಯಲ್ರೀ," ಎಂದ ಆಲ್ಬಿನ್, ಒಂದು ವಾರದಿಂದ ಕಾದಿದ್ದವನ ಹಾಗೆ.

"ಕಂಡೋರ ಕಾರು ತೊಳೆಯೋಕೆ ನಾನೇನು ಆಳೇ?"

"ಅಯ್ಯೋ, ಅದು ನಂದಲ್ಲ!"

"ನಿಮ್ದಲ್ಲಾಂದ್ರೆ ಹೋದ ವಾರ ಯಾಕ್ರೀ ತೊಳೆದ್ರಿ? ಹೊಲಿಗೆ ಬೇರೆ ಹಾಕಿದ್ರಿ. ನಮ್ಮ ಊರಲ್ಲಿ ತನ್ನದಲ್ಲದ್ದನ್ನ ಯಾರಾದ್ರೂ ತೊಳೀತಾರಾ?"

ಆಲ್ಬಿನ್ ಬಕೆಟ್ ತರಲು ಹೋದ. ಅಂದಿನಿಂದ ಪಾಳಿ ಯಾರದೇ ಇರಲಿ, ಆ ಬೇಸಿಗೆಯ ಒಂದೊಂದು ಶನಿವಾರವೂ ಕಾರು ತೊಳೆದ. ಅಕ್ಕಪಕ್ಕದವರು 'ತೊಟ್ಟಿ' ಎನ್ನುವುದನ್ನು ಬಿಟ್ಟು 'ಕ್ಲೆಂಕರ ಕಾರು' ಎನ್ನತೊಡಗಿದರು. ಆಗಸ್ಟಿನಲ್ಲಿ ಎಲ್ಲ ವಾಹನಗಳನ್ನೂ ನಮೂದಿಸಬೇಕೆಂದು ಆಜ್ಞೆ ಬಂದಾಗ ಪುರಸಭೆಯ ಗುಮಾಸ್ತ ಹೆರ್ ಬೀಲರ್ ಕಡತ ಹಿಡಿದು ಬಂದರು. ಒಡೆತನಕ್ಕೆ ಪುರಾವೆ ಕೇಳಿದರು. ಫ್ರೌ ಮುಂಡಿಂಗರ್ ಕಿಟಕಿಯಿಂದಲೇ ಸಾಕ್ಷಿ ನುಡಿದರು. ಹೆರ್ ಬೀಲರ್ ಪೆನ್ಸಿಲಿನಿಂದ ಕಿವಿ ಕೆರೆದುಕೊಂಡು, 'ಒಡೆಯ: ಆ. ಕ್ಲೆಂಕ್. ಆಧಾರ: ಹದಿನೇಳು ಸಲ ತೊಳೆದಿದ್ದಾರೆ' ಎಂದು ಬರೆದುಕೊಂಡು ಮೊಹರು ಒತ್ತಿದರು. ಅವನಿಗೆ ಕಾರು ನಡೆಸಲು ಬರುತ್ತದೆಯೇ ಎಂದು ಕೇಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಬರುತ್ತಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಒಂದು ಸಲ ಮುಂದಿನ ಮುಚ್ಚಳ ಎತ್ತಿ ನೋಡಿ, ಒಳಗೆ ಪೆಟ್ರೋಲು ಟ್ಯಾಂಕು ಮತ್ತು ಬೂಸ್ಟು ಹಿಡಿದ ಬ್ರೆಡ್ಡು ಬಿಟ್ಟು ಏನೂ ಇಲ್ಲದ್ದನ್ನು ಕಂಡು, ಎಂಜಿನ್ನು ಕಳುವಾಗಿದೆ ಎಂದು ಎದೆ ಒಡೆದುಕೊಂಡಿದ್ದ. ಕಳ್ಳತನ ತನ್ನ ತಲೆಗೇ ಬರುತ್ತದೆಂದು ಎರಡು ದಿನ ಊಟ ಬಿಟ್ಟಿದ್ದ. ಕೊನೆಗೆ ಕಮ್ಮಾರ ಡೋಲ್ಕರ್ ಹಿಂದಿನ ಮುಚ್ಚಳ ತೆಗೆದು ತೋರಿಸಿ, "ಎಂಜಿನ್ನು ಹಿಂದಿದೆ ಕಣಯ್ಯಾ, ನಿನ್ನ ಬುದ್ಧಿ ಇರೋ ಕಡೆ," ಎಂದಿದ್ದ.

ಆದರೂ ಭಾನುವಾರಗಳಲ್ಲಿ ಆಲ್ಬಿನ್ ಟೋಪಿ ಹಾಕಿಕೊಂಡು ಹೋಗಿ ಕಾರಿನಲ್ಲಿ ಕೂರುತ್ತಿದ್ದ. ಬೀದಿಯವರು ಅಭ್ಯಾಸ ಮಾಡುತ್ತಿದ್ದಾನೆ ಎಂದುಕೊಂಡರು. ಅವನು ಅಭ್ಯಾಸ ಮಾಡುತ್ತಿರಲಿಲ್ಲ. ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಮೆಲ್ಲನೆ ಮಾತಾಡುತ್ತಿದ್ದ. ಈ ವಾರ ಬೇಳೆ ಸಿಗಲಿಲ್ಲ, ನಿನ್ನ ಜೆರೇನಿಯಂ ಗಿಡ ಬದುಕಿದೆ, ಎರಡು ಕೊಡೆ ಬಂದವು. ಬೆಳಿಗ್ಗೆ ಮರೆತು ಎರಡು ಬಟ್ಟಲು ಚಿಕೋರಿ ಕಾಫಿ ಇಟ್ಟೆ, ಎರಡನ್ನೂ ಕುಡಿದೆ. ಮನೆಯೊಳಗೆ ಇದನ್ನೆಲ್ಲ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ, ಅಲ್ಲಿ ಅವಳ ಏಪ್ರನ್ನು ಮೊಳೆಗೆ ತೂಗುತ್ತಿತ್ತು. ಒಂಬತ್ತು ತಿಂಗಳಾಗಿತ್ತು ಅವಳು ಹೋಗಿ. ಅವನಿಗೆ ಅವಳು ಬೇಕಾಗಿತ್ತು, ಅಷ್ಟೇ ವಿಷಯ.

ಅಕ್ಟೋಬರಿನ ಕೊನೆಗೆ, ರೊಸೀನೆ ಇದ್ದ ಸರೋವರದ ಕಡೆಗೂ, ಅಂದರೆ ಗೆದ್ದ ಫ್ರೆಂಚರು ಆಳುತ್ತಿದ್ದ ವಲಯಕ್ಕೂ ಅಂಚೆ ಶುರುವಾಯಿತು. ಕಾರ್ಡು ಮಾತ್ರ ಬರೆಯಬಹುದಿತ್ತು. ಆಲ್ಬಿನ್ ಟೋಪಿ ತೆಗೆದಿಟ್ಟು ಬರೆಯಲು ಕೂತ. ಗಿಡದ ವಿಷಯ ಬರೆದ. ಕೊಡೆಗಳ ವಿಷಯ ಬರೆದ. ಕೊನೆಗೆ 'ನೀನಿಲ್ಲದೆ ಆಗುತ್ತಿಲ್ಲ, ಬಾ' ಎಂದು ಬರೆದು, ನೋಡಿ, ಕಿವಿಯವರೆಗೆ ಕೆಂಪಾಗಿ ಆ ಕಾರ್ಡು ಒಲೆಗೆ ಹಾಕಿದ. ಸ್ವಾಬಿಯಾದ ಗಂಡಸು ಹೆಂಡತಿಗೆ ಹಾಗೆಲ್ಲ ಬರೆಯುವುದಿಲ್ಲ, ಅದೂ ಅಂಚೆಯವರು, ಫ್ರೆಂಚರು, ಅಮೆರಿಕದವರು ಎಲ್ಲ ಓದುವ ಕಾರ್ಡಿನಲ್ಲಿ. ಎರಡನೇ ಕಾರ್ಡೂ ಒಲೆಗೆ ಹೋಯಿತು, ಮೂರನೆಯದೂ ಹೋಯಿತು. ನಾಲ್ಕನೆಯದರಲ್ಲಿ ಮಿಕ್ಕ ಜಾಗ ತುಂಬಿಸಲೇಬೇಕಲ್ಲ ಎಂದು ಹೀಗೆ ಬರೆದ: 'ನಾನೀಗ ಕಾರು ಇಟ್ಟಿದ್ದೇನೆ. ನವೆಂಬರ್ ಹತ್ತರ ಶನಿವಾರ ನಾನೇ ನಡೆಸಿಕೊಂಡು ಬಂದು ನಿನ್ನನ್ನು ಕರೆತರುತ್ತೇನೆ. ಗೇಟಿನ ಹತ್ತಿರ ಇರು. ಆಲ್ಬಿನ್.'

ಡಬ್ಬಿಗೆ ಹಾಕಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಅಂಚೆಡಬ್ಬಿಯ ಬಾಯಿಗೆ ಕೈ ಹಿಡಿಸುವುದಿಲ್ಲ.

ಪೋಸ್ಟ್‌ಮಾಸ್ತರರು ತೀರಿಕೊಂಡು ಆರು ವರ್ಷವಾದರೂ ಅಂಚೆ ಕಚೇರಿ ಫ್ರೌ ಮುಂಡಿಂಗರ್ ಅವರಿಗೆ ತವರುಮನೆಯೇ. ಸಂಜೆಯ ಹೊತ್ತಿಗೆ ಕಾರ್ಡು ಇಡೀ ಬೀದಿಗೆ ಬಾಯಿಪಾಠವಾಗಿತ್ತು.

"ಹೆರ್ ಕ್ಲೆಂಕ್, ಸರೋವರದ ಕಡೆ ಹೋಗ್ತಾ ಇದೀರಂತೆ. ನಮ್ಮ ನಾದಿನಿ ಅಲ್ಲೇ ಇರೋದು. ಈ ಹೊಲಿಗೆ ಮಿಷನ್ನಿನ ತಲೆಯೊಂದು ಕೊಟ್ಟುಬಿಡಿ, ಬರ್ತಾ ಒಂದು ಮೂಟೆ ಸೇಬು ತನ್ನಿ."

"ನೋಡೋಣ ಫ್ರೌ ಮುಂಡಿಂಗರ್, ಹವಾಮಾನ ಹೇಗಿರ್ತದೋ..."

"ನೆತ್ತಿ ನೀವೇ ಹೊಲಿದಿದೀರಲ್ಲ!"

ಒಬ್ಬರು ಗೋಡೆ ಗಡಿಯಾರ ತಂದರು, ಇನ್ನೊಬ್ಬರು ಮೊಲದ ಜೋಡಿ ತಂದರು. ಡೋಲ್ಕರ್ ಬಂದು ಮೂರು ದಿನ ಕಾರಿನ ಹೊಟ್ಟೆಯೊಳಗೆ ತಲೆ ಇಟ್ಟು, ಎಲ್ಲಿಂದಲೋ ಮೂವತ್ತು ಲೀಟರ್ ಪೆಟ್ರೋಲು ಹುಟ್ಟಿಸಿಕೊಂಡು ಬಂದ. ಎಲ್ಲಿಂದ ಎಂದು ಯಾರೂ ಕೇಳಲಿಲ್ಲ.

"ಗೇರು ನಿಂಗೆ ಗೊತ್ತಲ್ಲ?" ಎಂದು ಡೋಲ್ಕರ್ ಕೇಳಿದ.

ಆಗಲೇ 'ಗೊತ್ತಿಲ್ಲ' ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನ ಸುತ್ತ ಹನ್ನೊಂದು ಮಂದಿ, ಒಂದು ಗಡಿಯಾರ, ಎರಡು ಮೊಲ ನಿಂತಿದ್ದವು.

"ಗೇರು ಎಲ್ಲಾ ಕಾರಲ್ಲೂ ಒಂದೇ ಅಲ್ವೇನಯ್ಯಾ," ಎಂದ ಆಲ್ಬಿನ್.

ಫ್ರೆಂಚರ ವಲಯ ದಾಟಲು ಪರವಾನಗಿ ಬೇಕು. ಆಲ್ಬಿನ್‌ಗೆ ಇದ್ದ ಕೊನೆಯ ಆಸೆ ಅದೇ: ಪರವಾನಗಿ ಸಿಗದಿದ್ದರೆ ಮಾನ ಉಳಿಯುತ್ತದೆ. ಆದರೆ ಹೆರ್ ಬೀಲರ್ ಸಹಾಯ ಮಾಡಿಯೇ ತೀರಬೇಕೆಂದು ಕೂತಿದ್ದರು.

"ಪ್ರಯಾಣದ ಕಾರಣ?"

"ಹೆಂಡತೀನ ಕರ್ಕೊಂಡು ಬರೋದು."

"ಹೆಂಡತಿ ಈ ಪಟ್ಟಿಯಲ್ಲಿಲ್ಲ." ಹೆರ್ ಬೀಲರ್ ಪುಟದ ಮೇಲೆ ಬೆರಳಾಡಿಸಿದರು. "ವ್ಯವಸಾಯ ಇದೆ, ಆಸ್ಪತ್ರೆ ಇದೆ, ಶವಸಂಸ್ಕಾರ ಇದೆ. ಅವರು ತೀರಿಕೊಂಡಿದ್ರೆ ಈ ಕ್ಷಣ ಸಹಿ ಹಾಕ್ತೀನಿ."

"ಬೇಡ ಸ್ವಾಮಿ!"

"ಸ್ವಲ್ಪ ಕಾಯಿಲೆ?"

"ಅವಳಿಗೆ ಕಾಯಿಲೆ ಬಂದಿದ್ದೇ ನಾ ಕಾಣೆ."

"ನೀವೇ ಸಹಕರಿಸದಿದ್ರೆ ಹೇಗೆ ಹೆರ್ ಕ್ಲೆಂಕ್? ಹಾಂ, 'ಕಸುಬಿಗೆ ಅಗತ್ಯವಾದ ಸಾಮಗ್ರಿ' ಅಂತಿದೆ. ಅವರಿಲ್ಲದೆ ಅಂಗಡಿ ನಡೀತಿದೆಯಾ?"

ಆಲ್ಬಿನ್ ನೆಲ ನೋಡಿದ. "ನಡೀತಾ ಇಲ್ಲ," ಎಂದ.

"ತೂಕ ಎಷ್ಟು?"

"ಅರವತ್ತೆಂಟು ಕಿಲೋ. ಯುದ್ಧಕ್ಕೆ ಮುಂಚೆ."

ಹೆರ್ ಬೀಲರ್ ಬರೆದರು: 'ಕೊಡೆ ಕಸುಬಿಗೆ ಅಗತ್ಯ ಸಾಮಗ್ರಿ, ನಗ ಒಂದು, ಸುಮಾರು ಅರವತ್ತು ಕಿಲೋ.' ಮೊಹರು ಒತ್ತಿ ಪರವಾನಗಿಯನ್ನು ಅವನ ಕೈಗಿಟ್ಟರು.

ಆ ವಾರವಿಡೀ ಅವನ ಕಣ್ಣಿಗೆ ಕಟ್ಟಿದ್ದು ಕಾರಲ್ಲ, ಒಂದು ಗೇಟು. ಅದನ್ನು ಅವನು ಕಂಡೇ ಇರಲಿಲ್ಲ. ಆದರೂ ರೊಸೀನೆ ನೀಲಿ ತಲೆವಸ್ತ್ರ ಕಟ್ಟಿಕೊಂಡು, ಗಂಟು ಪಕ್ಕಕ್ಕಿಟ್ಟು, ಅಕ್ಕಪಕ್ಕದವರಿಗೆಲ್ಲ 'ನಮ್ಮೋರು ಕಾರಲ್ಲಿ ಬರ್ತಾ ಇದಾರೆ' ಎಂದು ಹೇಳಿ ಅಲ್ಲಿ ನಿಂತಿರುವುದು ಕಾಣುತ್ತಿತ್ತು. ಕತ್ತಲಾಗುವವರೆಗೆ ನಿಂತು, ಆಮೇಲೆ ಗಂಟು ಎತ್ತಿಕೊಂಡು ಒಳಗೆ ಹೋಗುವುದೂ ಕಾಣುತ್ತಿತ್ತು. ಅದನ್ನು ನೆನೆದರೆ ಅವನಿಗೆ ಅಳು ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಕೆಲ್ಟರ್ ಬೀದಿ ಮದುವೆ ಮನೆಯ ಹಾಗೆ ನೆರೆಯಿತು. ಹಿಂದಿನ ಸೀಟಿನಲ್ಲಿ ಗಡಿಯಾರ, ಹೊಲಿಗೆ ಮಿಷನ್ನಿನ ತಲೆ, ಮೊಲದ ಪೆಟ್ಟಿಗೆ ಪ್ರತಿಷ್ಠಾಪನೆಗೊಂಡವು. ಆಲ್ಬಿನ್ ಟೋಪಿ ಸರಿಮಾಡಿಕೊಂಡು ಸ್ಟೀರಿಂಗ್ ಚಕ್ರದ ಮುಂದೆ ಕೂತ. ಡೋಲ್ಕರ್ ಹಿಂದೆ ಹೋಗಿ ಹಿಡಿಕೆ ತಿರುಗಿಸಿದ. ಏಳು ತಿಂಗಳು ಸುಮ್ಮನಿದ್ದ ತೊಟ್ಟಿ ಒಮ್ಮೆಲೇ ಗಡಗಡ ಎಂದಿತು. ಜನ ಚಪ್ಪಾಳೆ ತಟ್ಟಿದರು.

"ಹೊರಡಯ್ಯಾ!"

"ಅವಸರ ಮಾಡಬಾರದು. ಬಿಸಿಯಾಗಲಿ," ಎಂದ ಆಲ್ಬಿನ್. ಕಾಲಿನ ಹತ್ತಿರ ಮೂರು ಪೆಡಲು ಕಂಡವು. ಕಾಲುಗಳು ಎರಡೇ ಇದ್ದವು. ಅವನು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಎಳೆದ, ಕಾಲಿಗೆ ಸಿಕ್ಕಿದ್ದನ್ನು ತುಳಿದ. ಎಂಜಿನ್ನು ಒಂದು ಸಲ ಕಿರುಚಿ ಸತ್ತುಹೋಯಿತು. ಆದರೆ ಎಳೆದಾಟದಲ್ಲಿ ಕೈ ಬ್ರೇಕು ಬಿಟ್ಟುಕೊಂಡಿತ್ತು. ಕೆಲ್ಟರ್ ಬೀದಿ ಇಳಿಜಾರು.

ತೊಟ್ಟಿ ಸದ್ದಿಲ್ಲದೆ, ಗಂಭೀರವಾಗಿ, ಪಾದ್ರಿಗಳು ಚರ್ಚಿಗೆ ಹೋಗುವ ವೇಗದಲ್ಲಿ ಇಳಿಯತೊಡಗಿತು. ಮಂದಿ ಕೈ ಬೀಸಿದರು. ಆಲ್ಬಿನ್ ಕೂಡ ಟೋಪಿ ಎತ್ತಿದ, ಬೇರೆ ಏನು ಮಾಡಬೇಕೆಂದು ತಿಳಿಯದೆ.

"ನೋಡಿ, ಎಷ್ಟು ನಾಜೂಕಾಗಿ ಬಿಡ್ತಾರೆ! ಸದ್ದೇ ಇಲ್ಲ!" ಎಂದರು ಫ್ರೌ ಮುಂಡಿಂಗರ್.

ಚೌಕದ ತಿರುವಿನಲ್ಲಿ ತೊಟ್ಟಿ ತಿರುಗಲಿಲ್ಲ. ಪುರಸಭೆಯ ಮುಂದಿನ ಕಾರಂಜಿಗೆ ಹೋಗಿ ಮೂತಿಯ ಹೆಚ್ಚುವರಿ ಚಕ್ರವನ್ನು ಆನಿಸಿ ನಿಂತಿತು. ಗಡಿಯಾರ ಹನ್ನೆರಡು ಹೊಡೆಯಿತು, ಎಂಟೂವರೆಯಾಗಿದ್ದರೂ. ಪುರಸಭೆಯಲ್ಲಿ ಕಚೇರಿ ಮಾಡಿಕೊಂಡಿದ್ದ ಅಮೆರಿಕದ ಲೆಫ್ಟಿನೆಂಟ್ ಹೊರಬಂದು ಕಾರಿಗೆ ಒಂದು ಸುತ್ತು ಹಾಕಿದ. ಹಿಂದೆಯೇ ಹೆರ್ ಬೀಲರ್ ಕಡತದೊಂದಿಗೆ ಓಡಿಬಂದು ಹದಿನೇಳು ಸಲ ತೊಳೆದ ಪುರಾವೆ ಓದಿ ಹೇಳಿದರು. ಲೆಫ್ಟಿನೆಂಟ್ ಪೂರ್ತಿ ಕೇಳಿದ. ಬಹಳ ಹೊತ್ತು ನಕ್ಕ. ಆಮೇಲೆ ಇದು ಸೋತ ಸೈನ್ಯದ ಸ್ವತ್ತು, ಜಪ್ತಿ ಎಂದ. ಹತ್ತು ನಿಮಿಷದಲ್ಲಿ ಟ್ರಕ್ಕೊಂದು ಬಂದು ತೊಟ್ಟಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಯಿತು.

ಗಡಿಯಾರದವರು ಗಡಿಯಾರ, ಮೊಲದವರು ಮೊಲ ವಾಪಸು ತೆಗೆದುಕೊಂಡರು. ಯಾರೂ ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಆಲ್ಬಿನ್ ಕಾರಂಜಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ದಕ್ಷಿಣದ ರಸ್ತೆ ಹಿಡಿದ.

"ಮನೆ ಈ ಕಡೆ, ಹೆರ್ ಕ್ಲೆಂಕ್!" ಎಂದರು ಫ್ರೌ ಮುಂಡಿಂಗರ್.

"ಗೊತ್ತು. ನಾ ಸರೋವರಕ್ಕೆ ಹೊರಟೆ."

"ನಡ್ಕೊಂಡಾ? ನೂರ ನಲವತ್ತು ಕಿಲೋಮೀಟರು ಕಣ್ರೀ! ಇವತ್ತು ಹೇಗ್ರೀ ಮುಟ್ತೀರಿ?"

"ಇವತ್ತು ಮುಟ್ಟೋದಿಲ್ಲ. ಆದ್ರೆ ಅವಳು ಗೇಟಿನ ಹತ್ರ ನಿಂತಿರ್ತಾಳೆ. ನಾನು ಇಲ್ಲಿ ಕೂತಿರೋಕಾಗಲ್ಲ."

ಫ್ರೌ ಮುಂಡಿಂಗರ್ ತಮ್ಮ ಚೀಲದಲ್ಲಿದ್ದ ಬ್ರೆಡ್ಡಿನ ತುಂಡು ತೆಗೆದು ಅವನ ಕೋಟಿನ ಜೇಬಿಗೆ ತುರುಕಿದರು.

ಆಲ್ಬಿನ್ ನಡೆದ. ಎರಡು ಹಳ್ಳಿ ದಾಟಿದ. ಎಡ ಕಾಲಿನ ಬೂಟು ಕಚ್ಚತೊಡಗಿತು. ಹನ್ನೊಂದನೇ ಕಿಲೋಮೀಟರಿನ ಕಲ್ಲಿನ ಹತ್ತಿರ, ಗುಡ್ಡದ ಏರಿನಲ್ಲಿ, ಎದುರಿನಿಂದ ಬೆನ್ನಿಗೆ ಮೂಟೆ ಕಟ್ಟಿಕೊಂಡ ಒಬ್ಬ ಹೆಂಗಸು ಇಳಿದುಬರುತ್ತಿದ್ದಳು. ತಲೆವಸ್ತ್ರ ನೀಲಿಯಲ್ಲ, ಕಂದು. ಆದರೆ ಮೊಣಕೈ ಬೀಸುವ ರೀತಿ ಇಡೀ ಭೂಮಿಯ ಮೇಲೆ ಒಬ್ಬಳದೇ.

"ರೊಸೀನೆ!"

ಅವಳು ನಿಂತಳು. ಮೂಟೆ ಇಳಿಸಿದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಣೆ ಮುಟ್ಟಿ, "ಜ್ವರ ಇಲ್ಲ," ಎಂದಳು.

"ಗೇಟಿನ ಹತ್ರ ಇರು ಅಂದಿದ್ದೆನಲ್ಲೇ!"

"ನೀನು ಕಾರು ನಡೆಸ್ಕೊಂಡು ಬರ್ತೀನಿ ಅಂತ ಬರೆದಿದ್ದೆಯಲ್ಲೋ. ನೀನು! ತಳ್ಳುಗಾಡಿ ಬಿಡೋಕೆ ಬರದವನು. ಕಾರ್ಡು ಓದಿ ಅಕ್ಕನಿಗೆ ಹೇಳ್ದೆ, ಅವನಿಗೆ ತಲೆ ಕೆಟ್ಟಿದೆ ಕಣೇ, ಇಷ್ಟು ದಿನ ಒಬ್ಬನೇ ಬಿಡಬಾರದಿತ್ತು ಅಂತ. ಅವತ್ತೇ ಹೊರಟೆ. ಸರಕು ರೈಲಿನ ಡಬ್ಬಿಯಲ್ಲಿ ಕೂತೆ, ಗಡಿ ಕಾವಲಿನವನಿಗೆ ಸೇಬು ಕೊಟ್ಟು ದಾಟಿದೆ, ಎರಡು ದಿನ ನಡೆದೆ." ಅವಳು ಅವನ ಕೋಟಿನ ಗುಂಡಿ ಹಿಡಿದೆಳೆದಳು. "ಸುಮ್ನೆ 'ಬಾ' ಅಂತ ಒಂದಕ್ಷರ ಬರೆಯೋಕೆ ಏನಾಗಿತ್ತು ನಿಂಗೆ?"

"ಬರೆದೆ. ಮೂರು ಸಲ ಬರೆದೆ," ಎಂದ ಆಲ್ಬಿನ್. "ನೀನಿಲ್ಲದೆ ಆಗ್ತಾ ಇಲ್ಲ ಅಂತಾನೂ ಬರೆದೆ. ಕಳ್ಸೋಕೆ ನಾಚಿಕೆಯಾಯ್ತು." ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತುಂಬಿ ಬಂದು, ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ರೊಸೀನೆ ಟೋಪಿ ಕಿತ್ತುಕೊಂಡು ತನ್ನ ತೋಳಿನಿಂದ ಅವನ ಮುಖ ಒರೆಸಿದಳು, ಒರಟಾಗಿಯೇ.

"ಕಳಿಸದೆ ಇದ್ದದ್ದೇ ಒಳ್ಳೇದಾಯ್ತು ಬಿಡು," ಎಂದಳು. "'ಬಾ' ಅಂದಿದ್ರೆ ಸೇಬು ಕೊಯ್ಲು ಮುಗಿಸಿ, ಅಕ್ಕನಿಗೆ ಸ್ವೆಟರ್ ಹೆಣೆದುಕೊಟ್ಟು, ಕ್ರಿಸ್‌ಮಸ್ ಹೊತ್ತಿಗೆ ಬರ್ತಿದ್ದೆ."

ಆಲ್ಬಿನ್ ಮೂಟೆ ಎತ್ತಿ ತನ್ನ ಬೆನ್ನಿಗೆ ಹಾಕಿಕೊಂಡ. ಕಚ್ಚುವ ಬೂಟಿನಿಂದಾಗಿ ಅವನು ಮೆಲ್ಲಗೆ ನಡೆಯುತ್ತಿದ್ದ, ನಡೆದು ದಣಿದಿದ್ದರಿಂದ ಅವಳೂ ಮೆಲ್ಲಗೆ ನಡೆಯುತ್ತಿದ್ದಳು. ಮಾತು ಒಂಬತ್ತು ತಿಂಗಳಿನದು ಬಾಕಿ ಇತ್ತು, ಮನೆ ಹನ್ನೊಂದೇ ಕಿಲೋಮೀಟರು ದೂರವಿತ್ತು. ಇಬ್ಬರಿಗೂ ದಾರಿ ಸಾಲಲಿಲ್ಲ.